ಅತ್ತಿಗೆ, ಬಲ್ಬ್ ಬದಲಾಯಿಸಿದರೆ ಸಾಕಾಗಲ್ಲ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ, ಆಪ್ಟಿಕಲ್ಸ್‌ನಲ್ಲಿ ಬೆಳಗ್ಗೆಯಿಂದ ಗಿರಾಕಿಗಳು. ಅಣ್ಣ ಪಹಣಿ ಓದುವಾಗ ಕೈ ಚಾಚಿ ದೂರ ಹಿಡಿಯುತ್ತಾನೆ, ಪ್ರಿಂಟೇ ಸರಿ ಇಲ್ಲ ಅಂತಾನೆ, ಹಾಲ್‌ಗೆ ದೊಡ್ಡ ಬಲ್ಬ್ ಬೇರೆ ಹಾಕಿಸಿದ್ದಾನೆ, ಸಂತೆಯಲ್ಲಿ ಒಂದು ರೆಡಿಮೇಡ್ ಕನ್ನಡಕ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ. ಕೊನೆಯಲ್ಲಿ, ಪುಟ್ಟಿ ಟಿವಿಗೆ ಅಂಟಿಕೊಂಡೇ ಕೂರುತ್ತಾಳೆ ಅಂತ ಒಂದೇ ಸಾಲು. ನನಗೆ ಆ ಸಾಲೇ ಜಾಸ್ತಿ ಮುಖ್ಯ ಅನಿಸಿತು.

ಮೊದಲು ಅಣ್ಣನದು ಮುಗಿಸುತ್ತೇನೆ. 40 ದಾಟಿದ ಮೇಲೆ ಕಣ್ಣೊಳಗಿನ ಲೆನ್ಸ್ ಬಿಗಿಯಾಗುತ್ತಾ ಹೋಗುತ್ತದೆ, ಹತ್ತಿರದ್ದಕ್ಕೆ ಹೊಂದಿಕೊಳ್ಳುವುದಿಲ್ಲ. ದೂರದ್ದು ಚೆನ್ನಾಗಿಯೇ ಕಾಣುತ್ತದೆ. ಸಕಲೇಶಪುರದ ಬಸ್ಸಿನ ಬೋರ್ಡ್ ಇಲ್ಲಿಂದಲೇ ಓದುತ್ತೇನೆ, ನನಗ್ಯಾಕೆ ಕನ್ನಡಕ ಅಂತ ಜನ ವಾದ ಮಾಡುವುದು ಅದಕ್ಕೇ. ದೊಡ್ಡ ಬಲ್ಬ್ ಹಾಕಿದರೆ ಸ್ವಲ್ಪ ಅನುಕೂಲ ಆಗುವುದು ನಿಜ, ಬೆಳಕು ಜಾಸ್ತಿಯಾದಾಗ ಪಾಪೆ ಚಿಕ್ಕದಾಗಿ ಅಕ್ಷರ ಚೂಪಾಗುತ್ತದೆ, ಆದರೆ ಅದು ಎಷ್ಟು ದಿನ? ಬೇಕಾದರೆ ಒಂದು ರಟ್ಟಿಗೆ ಗುಂಡುಪಿನ್ನಿನಲ್ಲಿ ತೂತು ಮಾಡಿ, ಒಂದೊಂದೇ ಕಣ್ಣಿಗೆ ಹಿಡಿದು ಓದಲಿ. ತೂತಿನಲ್ಲಿ ಸ್ಪಷ್ಟ ಕಂಡರೆ ಹೆಚ್ಚಾಗಿ ಅದು ಪವರ್ ವಿಷಯ. ಕಾಣದಿದ್ದರೆ ಬೇರೆ ಏನೋ ಇರಬಹುದು, ಡಾಕ್ಟರೇ ನೋಡಬೇಕು.

ಸಂತೆಯ ಕನ್ನಡಕ ವಿಷ ಏನಲ್ಲ. ಆದರೆ ಅದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ ಪವರ್, ಅಂದರೆ ಕಣ್ಣಿನ ಮುಂಭಾಗ ಎಲ್ಲ ಕಡೆ ಒಂದೇ ಸಮ ಬಾಗಿಲ್ಲದವರಿಗೆ ಬೇಕಾದ ಪವರ್, ಇರುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಓದೋಕೆ ಆಯ್ತಲ್ಲ ಅಂತ ಜನ ತಪಾಸಣೆಗೇ ಹೋಗುವುದಿಲ್ಲ. ಕಣ್ಣಿನ ಪ್ರೆಶರ್ ಜಾಸ್ತಿಯಾದರೆ ನೋವಿಲ್ಲದೆ, ಗೊತ್ತೇ ಆಗದೆ ಪಕ್ಕದ ನೋಟ ಹೋಗುತ್ತಾ ಇರಬಹುದು, ಕನ್ನಡಕ ಅದನ್ನು ಹಿಡಿಯುವುದಿಲ್ಲ. ಅಪ್ಪನಿಗೆ ಶುಗರ್ ಇದೆ, ಅಲ್ವಾ? ಅಣ್ಣನೂ ಒಮ್ಮೆ ಶುಗರ್ ನೋಡಿಸಲಿ. ಶುಗರ್ ಏರಿಳಿಯುವಾಗ ಪವರೂ ಏರಿಳಿಯುತ್ತದೆ, ಆಗ ಮಾಡಿಸಿದ ಕನ್ನಡಕ ಮುಂದೆ ಹೊಂದುವುದೇ ಇಲ್ಲ.

ಈಗ ಪುಟ್ಟಿ. ಮಕ್ಕಳು ಕಾಣಲ್ಲ ಅಂತ ಹೇಳುವುದಿಲ್ಲ ಅತ್ತಿಗೆ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ಸುಮ್ನೆ ಗಮನಿಸಿ: ದೂರದ್ದು ನೋಡುವಾಗ ಕಣ್ಣು ಕಿರಿದು ಮಾಡುತ್ತಾಳಾ, ತಲೆ ಓರೆ ಮಾಡುತ್ತಾಳಾ, ಬೋರ್ಡ್ ಬಿಟ್ಟು ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳಾ, ಸ್ಕೂಲಿಂದ ಬಂದು ತಲೆನೋವು ಅನ್ನುತ್ತಾಳಾ. ಆಮೇಲೆ ಹಾಲ್‌ನ ಈ ತುದಿಯಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಆ ತುದಿಯ ಕ್ಯಾಲೆಂಡರ್ ತಾರೀಖು ಓದಿಸಿ, ನಂತರ ಇನ್ನೊಂದು ಕಣ್ಣು. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣೇ ಎಲ್ಲ ಕೆಲಸ ಮಾಡಿಬಿಡುತ್ತದೆ, ಕೆಟ್ಟದ್ದು ಸೋಮಾರಿಯಾಗುತ್ತಾ ಹೋದರೂ ಯಾರಿಗೂ ತಿಳಿಯುವುದಿಲ್ಲ. ಆ ಸೋಮಾರಿ ಕಣ್ಣನ್ನು 7-8 ವರ್ಷದೊಳಗೆ ಹಿಡಿದರೆ ಚೆನ್ನಾಗಿ ಸರಿಯಾಗುತ್ತದೆ, ಆಮೇಲೆ ಕಷ್ಟ. ಕ್ಯಾಲೆಂಡರ್ ಸರಿಯಾಗಿ ಓದಿದರೂ ಕರೆದುಕೊಂಡು ಬನ್ನಿ. ಮಕ್ಕಳು ಕಣ್ಣಿಗೆ ಜೋರು ಕೊಟ್ಟು ನೋಡುವುದರಿಂದ ಕಣ್ಣನ್ನು ಸಡಿಲ ಮಾಡುವ ಡ್ರಾಪ್ಸ್ ಹಾಕದೆ ತೆಗೆದ ಪವರ್ ತಪ್ಪಾಗಬಹುದು, ಅದಕ್ಕೇ ನಮ್ಮ ಅಂಗಡಿಗಿಂತ ಮೊದಲು ಡಾಕ್ಟರ್. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ಕಣ್ಣಿನ ವಿಭಾಗ ಇದೆ. ಕನ್ನಡಕ ಹಾಕಿದರೆ ಪವರ್ ಏರುತ್ತದೆ ಅಂತ ಅತ್ತೆ ಹೇಳಿದರೆ ಕೇಳಬೇಡಿ, ಮಗು ಬೆಳೆದ ಹಾಗೆ ಕಣ್ಣುಗುಡ್ಡೆಯೂ ಬೆಳೆಯುತ್ತದೆ, ಕನ್ನಡಕ ಹಾಕಿದರೂ ಬಿಟ್ಟರೂ ಏರುವುದು ಏರುತ್ತದೆ.

ಹಾಂ, ದೊಡ್ಡಮ್ಮ ಈಗ ಕನ್ನಡಕ ಇಲ್ಲದೇ ಪೇಪರ್ ಓದುತ್ತಾರೆ ಅಂತ ಎಲ್ಲರೂ ಖುಷಿಪಟ್ಟಿರಲ್ಲ, ಆ ವಯಸ್ಸಿನಲ್ಲಿ ಅದು ಪೊರೆ ಬರುತ್ತಿರುವ ಗುರುತೂ ಆಗಿರಬಹುದು. ಅವರನ್ನೂ ಕರೆತನ್ನಿ. ಇನ್ನು ಯಾರಿಗಾದರೂ ದಿಢೀರ್ ಅಂತ ಪರದೆ ಎಳೆದ ಹಾಗಾದರೆ, ಮಿಂಚು ಹೊಡೆದ ಹಾಗೆ ಕಂಡರೆ, ಕಣ್ಣು ಕೆಂಪಾಗಿ ತುಂಬಾ ನೋವು ಬಂದರೆ, ಅದು ಕನ್ನಡಕದ ವಿಷಯವೇ ಅಲ್ಲ. ಅವತ್ತೇ ಆಸ್ಪತ್ರೆ.

ಶನಿವಾರ ಬನ್ನಿ. ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಸುಕು, ಬಿಸಿಲಿಗೆ ಕಣ್ಣು ಬಿಡೋಕೆ ಆಗಲ್ಲ, ಅಣ್ಣ ಬೈಕ್ ತರುವುದು ಬೇಡ, ಬಸ್ಸಿಗೇ ಬನ್ನಿ. ಫ್ರೇಮ್ ಮಾತ್ರ ಪುಟ್ಟಿಯೇ ಆರಿಸಲಿ, ನೀವು ಆರಿಸಿದರೆ ಅದು ಬ್ಯಾಗ್‌ನಲ್ಲೇ ಇರುತ್ತದೆ.