‘ಪ್ರತ್ಯಾಯೋಜನೆ’ಗೆ ಜನ ಓದುವಂಥ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ವಾರ್ಡಿನ ನಾಲ್ಕಾರು ಜನ ಸೇರಿ ಒಂದು ಕರಪತ್ರ ಬರೆಯುತ್ತಿದ್ದೇವೆ. ಪಾಲಿಕೆಗೆ ಬರುವ ಅನುದಾನವನ್ನು ಯಾರು ಖರ್ಚು ಮಾಡಬಹುದು, ಎಷ್ಟರ ತನಕ, ಯಾರ ಒಪ್ಪಿಗೆ ಬೇಕು, ಇಷ್ಟೇ ವಿಷಯ. ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಕಾಗದಗಳೆಲ್ಲ ಕನ್ನಡದಲ್ಲೇ ಇವೆ. ಆದರೂ ಅವನ್ನು ಇನ್ನೊಂದು ಸಲ ಕನ್ನಡಕ್ಕೆ ತರಬೇಕಾಗಿದೆ. ಸಿಕ್ಕಿಕೊಂಡಿರುವುದು ಈ ಧಾಟಿಯ ಸಾಲುಗಳಲ್ಲಿ:

‘ಸದರಿ ಅನುದಾನದಡಿ ವೆಚ್ಚ ಭರಿಸುವ ಅಧಿಕಾರವನ್ನು ಅಧೀನ ಅಧಿಕಾರಿಗಳಿಗೆ ಪ್ರತ್ಯಾಯೋಜಿಸಲಾಗಿದೆ.’

ಪ್ರತ್ಯಾಯೋಜನೆ ಅಂದರೆ ಡೆಲಿಗೇಷನ್, ಮೇಲಿನವರು ತಮ್ಮ ಅಧಿಕಾರವನ್ನು ಕೈಕೆಳಗಿನವರಿಗೆ ವಹಿಸುವುದು. ‘ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ’ ಅನ್ನುವುದು ಸರ್ಕಾರಿ ಆದೇಶಗಳಲ್ಲಿ ಮಾಮೂಲಿ. ಕಾನೂನು ಓದಿದವರಿಗೆ ‘ಪ್ರತ್ಯಾಯೋಜಿತ ಶಾಸನ’ವೂ (ಕಾಯ್ದೆ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡುವ ನಿಯಮಗಳು) ಗೊತ್ತಿರುತ್ತದೆ. ಹಿಂದಿಯ ಕಚೇರಿ ಭಾಷೆಯಲ್ಲೂ ಇದೇ ಪದ ಇದೆ. ಆದರೆ ಕಚೇರಿಯ ಹೊರಗೆ ಅದಕ್ಕೆ ಜೀವ ಇಲ್ಲ. ಕರಡನ್ನು ನಮ್ಮ ಅತ್ತಿಗೆಗೆ ಓದಲು ಕೊಟ್ಟೆ. ‘ಯೋಜನೆ’ ಅನ್ನೋದಷ್ಟೇ ಅವರ ಕಣ್ಣಿಗೆ ಬಿತ್ತು. ‘ಇದ್ಯಾವ ಹೊಸ ಯೋಜನೆ? ಅರ್ಜಿ ಎಲ್ಲಿ ಕೊಡಬೇಕು?’ ಅಂದರು.

ಹಾಗಾದರೆ ಏನು ಬರೆಯೋಣ? ಪತ್ರಿಕೆಗಳಲ್ಲಿ ಎರಡು ಮಾತು ಓಡಾಡುತ್ತವೆ: ‘ಅಧಿಕಾರ ವಿಕೇಂದ್ರೀಕರಣ’ ಮತ್ತು ‘ಅಧಿಕಾರ ಹಸ್ತಾಂತರ’. ನನಗೆ ಎರಡೂ ಒಪ್ಪಿಗೆ ಇಲ್ಲ.

ವಿಕೇಂದ್ರೀಕರಣ ತುಂಬಾ ದೊಡ್ಡ ಮಾತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತಲ್ಲ, 12ನೇ ಅನುಸೂಚಿಯಲ್ಲಿ ನಗರಸಭೆ, ಪಾಲಿಕೆಗಳಿಗೆ ಅಂತ 18 ವಿಷಯಗಳನ್ನು ಪಟ್ಟಿ ಮಾಡಿತಲ್ಲ, ಅದು ವಿಕೇಂದ್ರೀಕರಣ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅದು ವಿಕೇಂದ್ರೀಕರಣವೋ ಅಲ್ಲವೋ ಅಂತ ಬೇಕಾದಷ್ಟು ಜಗಳ ಆಡಬಹುದು. ಆದರೆ ಅದು ಆದದ್ದು ವಿಧಾನಮಂಡಲ ಒಪ್ಪಿದ ಕಾಯ್ದೆಯಿಂದ. ಆಯುಕ್ತರು ತಮ್ಮ ಕೈಕೆಳಗಿನವರಿಗೆ ‘ಇಷ್ಟು ಲಕ್ಷದ ತನಕ ನೀವೇ ಮಂಜೂರು ಮಾಡಿ’ ಅನ್ನುವುದಕ್ಕೆ ಒಂದು ಕಚೇರಿ ಆದೇಶ ಸಾಕು. ನಾಳೆ ಇನ್ನೊಂದು ಆದೇಶ ಹೊರಡಿಸಿ ವಾಪಸ್ ತೆಗೆದುಕೊಳ್ಳಲೂಬಹುದು. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಇಲ್ಲಿ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು ಆಡಳಿತಾಧಿಕಾರಿ ಬಂದರು. ಕಾರ್ಪೊರೇಟರೇ ಇಲ್ಲದ ಊರಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಅಧಿಕಾರ ಕೊಟ್ಟದ್ದನ್ನು ವಿಕೇಂದ್ರೀಕರಣ ಅಂತ ಕರೆದರೆ ಆ ಪದಕ್ಕೇ ಅವಮಾನ.

ಹಸ್ತಾಂತರದ ತೊಂದರೆ ಬೇರೆ. ಹಸ್ತಾಂತರ ಆದ ಮೇಲೆ ಕೊಟ್ಟವರ ಕೈ ಖಾಲಿ. ಇಲ್ಲಿ ಹಾಗಲ್ಲ. ಕಿರಾಣಿ ಅಂಗಡಿ ಸಾಹುಕಾರರು ಗುಮಾಸ್ತನಿಗೆ ‘ಸಾವಿರ ರೂಪಾಯಿ ತನಕ ಉದ್ರಿ ನೀನೇ ಕೊಡು, ನನ್ನ ಕೇಳಬೇಡ’ ಅನ್ನುತ್ತಾರೆ. ಅಷ್ಟಾದ ಮಾತ್ರಕ್ಕೆ ಸಾಹುಕಾರರ ಅಧಿಕಾರ ಹೋಗಲಿಲ್ಲ, ಬೇಕಾದರೆ ತಾವೂ ಉದ್ರಿ ಕೊಡಬಹುದು. ವಸೂಲಿ ಆಗದಿದ್ದರೆ ನಷ್ಟ ಅವರದೇ. ಗುಮಾಸ್ತ ತನ್ನ ಪಾಡಿಗೆ ‘ಇನ್ಮೇಲೆ ನೀನು ನೋಡ್ಕೋ’ ಅಂತ ಮೂಟೆ ಹೊರುವ ಹುಡುಗನಿಗೆ ದಾಟಿಸುವ ಹಾಗಿಲ್ಲ. ಕಾನೂನಿನ ತತ್ವವೂ ಹೆಚ್ಚುಕಡಿಮೆ ಇದೇ. ವಹಿಸಿಕೊಂಡವನು ಮತ್ತೊಬ್ಬನಿಗೆ ವಹಿಸುವಂತಿಲ್ಲ, ಕಾಯ್ದೆಯೇ ಅದಕ್ಕೆ ಅವಕಾಶ ಕೊಟ್ಟಿದ್ದರೆ ಮಾತ್ರ ಆಗುತ್ತದೆ.

ಇನ್ನೆರಡು ಪದಗಳನ್ನು ಯಾರಾದರೂ ಸೂಚಿಸುವ ಮುಂಚೆ ಹೇಳಿಬಿಡುತ್ತೇನೆ. ‘ಪ್ರಭಾರ’ ಅಲ್ಲ, ಅದು ಖಾಲಿ ಕುರ್ಚಿ ನೋಡಿಕೊಳ್ಳುವುದು. ‘ನಿಯೋಜನೆ’ಯೂ ಅಲ್ಲ, ಅದು ಮನುಷ್ಯರನ್ನೇ ಬೇರೆ ಕಡೆ ಹಾಕುವುದು.

‘ಪರವಾಗಿ’ ಅನ್ನುವುದು ಸ್ವಲ್ಪ ಯೋಚಿಸಬೇಕಾದ ಮಾತು. ನಮ್ಮ ಕೈಯಲ್ಲಿರುವ ಒಂದು ಹಾಳೆಯ ಕೆಳಗೆ ‘ಆಯುಕ್ತರ ಪರವಾಗಿ’ ಅಂತ ಬರೆದು ಕೆಳಗಿನ ಅಧಿಕಾರಿ ಸಹಿ ಹಾಕಿದ್ದಾರೆ. ಇನ್ನೊಂದರಲ್ಲಿ ಅದೇ ಅಧಿಕಾರಿ ತಮ್ಮದೇ ಹುದ್ದೆಯ ಮೊಹರು ಒತ್ತಿ ಸಹಿ ಹಾಕಿದ್ದಾರೆ. ಮೊದಲನೆಯದರಲ್ಲಿ ತೀರ್ಮಾನ ಮೇಲಿನವರದು, ಇವರು ತಿಳಿಸುವವರಷ್ಟೇ. ಎರಡನೆಯದರಲ್ಲಿ ತೀರ್ಮಾನ ಇವರದೇ. ನಿಜವಾದ ಪ್ರತ್ಯಾಯೋಜನೆ ಅಂದರೆ ಎರಡನೆಯದು, ಅಲ್ವಾ? ಕಚೇರಿ ವ್ಯವಹಾರ ಬಲ್ಲವರು ಇದನ್ನು ಖಚಿತ ಮಾಡಿದರೆ ಉಪಕಾರ.

ಇನ್ನು ‘ವೆಚ್ಚ ಭರಿಸುವ ಅಧಿಕಾರ’. ಭರಿಸುವುದು ಅಂದರೆ ಹೊರುವುದು. ಮದುವೆ ಖರ್ಚು ಹೆಣ್ಣಿನ ಕಡೆಯವರು ಭರಿಸಿದರು ಅನ್ನುತ್ತೇವೆ. ಅಧಿಕಾರಿ ತನ್ನ ಜೇಬಿನಿಂದ ಏನೂ ಭರಿಸುವುದಿಲ್ಲವಲ್ಲ! ಅದನ್ನು ‘ಖರ್ಚು ಮಾಡುವ’ ಅಂತ ಬದಲಿಸಿದರೂ ಪೂರ್ತಿ ಬಗೆಹರಿಯುವುದಿಲ್ಲ. ಯಾಕೆಂದರೆ ಒಂದು ಚರಂಡಿ ಕಟ್ಟಿಸಲು ಆಡಳಿತಾತ್ಮಕ ಅನುಮೋದನೆ ಒಬ್ಬರದು, ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ಎಂಜಿನಿಯರ್ ಕಡೆಯವರದು, ಟೆಂಡರ್ ಒಪ್ಪುವುದು ಇನ್ನೊಂದು ಹಂತ, ಬಿಲ್ ಪಾಸ್ ಮಾಡಿ ಬಟವಾಡೆ ಮಾಡುವುದು ಲೆಕ್ಕಪತ್ರದವರ ಕಡೆ. ವಹಿಸಿಕೊಟ್ಟದ್ದು ಇದರಲ್ಲಿ ಯಾವುದನ್ನು? ಆ ಸಾಲು ಬಾಯಿ ಬಿಡುವುದಿಲ್ಲ. ಜನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ ಅಂತಲೂ ಅಲ್ಲ. ‘ದುಡ್ಡು ಮಂಜೂರಾಗಿದೆ, ಬಿಡುಗಡೆ ಆಗಿಲ್ಲ’ ಅಂತ ಬೀದಿಬದಿಯಲ್ಲೇ ಹೇಳುತ್ತಾರೆ. ಅಧಿಕಾರದ ಮಿತಿ ಮೀರದಿರಲಿ ಅಂತ ಒಂದು ಕೆಲಸವನ್ನು ನಾಲ್ಕು ಮಾಡಿ ಕೊಡುವುದಕ್ಕೆ ‘ತುಂಡು ಗುತ್ತಿಗೆ’ ಅಂತ ಬಯ್ಯುವುದೂ ಗೊತ್ತು. ಅಷ್ಟು ಚುರುಕಾದ ಮಾತುಗಳು ಇರುವಾಗ ಆದೇಶದ ಕನ್ನಡ ಮಾತ್ರ ಯಾಕೆ ಹೀಗೆ ಮೊಂಡಾಗಿದೆಯೋ.

ಕೊನೆಯದು ‘ಅನುದಾನ’. ಇದನ್ನು ಬದಲಿಸುವ ಆಸೆ ನನಗಿಲ್ಲ, ಎಲ್ಲರಿಗೂ ಗೊತ್ತಿರುವ ಪದ. ಆದರೆ ಒಂದೇ ಪದ ಎಷ್ಟು ಕಡೆ ದುಡಿಯುತ್ತದೆ ನೋಡಿ. ಹಣಕಾಸು ಆಯೋಗದ ಅನುದಾನ, ಶಾಸಕರ ಅನುದಾನ, ಮೇಯರ್ ವಿವೇಚನಾ ಅನುದಾನ, ಅನುದಾನಿತ ಶಾಲೆ. 15ನೇ ಹಣಕಾಸು ಆಯೋಗ ದೊಡ್ಡ ನಗರಗಳಿಗೆ ಕೊಡಿಸಿದ ಹಣ ಗಾಳಿಯ ಗುಣಮಟ್ಟ, ನೀರು, ಕಸದ ನಿರ್ವಹಣೆ ಇಂಥದ್ದಕ್ಕೇ ಅಂತ ಕಟ್ಟಿಹಾಕಿದ್ದು. ಖರ್ಚಿನ ಅಧಿಕಾರ ಕೈಗೆ ಬಂತು ಅಂತ ಅದನ್ನು ಕಚೇರಿಗೆ ಸುಣ್ಣಬಣ್ಣ ಹೊಡೆಸಲು ಬಳಸುವಂತಿಲ್ಲ. ಲೆಕ್ಕದ ಶೀರ್ಷಿಕೆ ಬದಲಿಸುವುದಕ್ಕೆ, ಅಂದರೆ ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ತಿರುಗಿಸುವುದಕ್ಕೆ, ‘ಪುನರ್ವಿನಿಯೋಗ’ ಅನ್ನುತ್ತಾರೆ, ಆ ಅಧಿಕಾರವೇ ಬೇರೆ. ಈ ‘ವಿನಿಯೋಗ’ವೂ ಒಂದು ತಮಾಷೆ. ಬಜೆಟ್ಟಿನಲ್ಲಿ ಧನವಿನಿಯೋಗ ಅಂದರೆ ಇಂಥದ್ದಕ್ಕೆ ಇಷ್ಟು ಅಂತ ತೆಗೆದಿಡುವುದು. ದೇವಸ್ಥಾನದಲ್ಲಿ ಪ್ರಸಾದ ವಿನಿಯೋಗ ಅಂದರೆ ಬಂದವರಿಗೆಲ್ಲ ಹಂಚುವುದು. ನಮ್ಮೂರಲ್ಲಿ ಕೆಲವರು ಎರಡನೆಯ ಅರ್ಥವನ್ನೇ ಹಿಡಿದುಕೊಂಡಂತಿದೆ.

ಸದ್ಯಕ್ಕೆ ನಾನು ಕರಡಿನಲ್ಲಿ ಹೀಗೆ ಬರೆದಿದ್ದೇನೆ: ‘ಈ ಅನುದಾನದಲ್ಲಿ ಇಷ್ಟು ಲಕ್ಷದ ತನಕದ ಕೆಲಸಗಳಿಗೆ ಮಂಜೂರಾತಿ ಕೊಡುವ ಅಧಿಕಾರವನ್ನು ಆಯುಕ್ತರು ಇಂಥ ಅಧಿಕಾರಿಗೆ ವಹಿಸಿಕೊಟ್ಟಿದ್ದಾರೆ. ಬಿಲ್ ಪಾವತಿ ಇದರಲ್ಲಿ ಸೇರಿಲ್ಲ.’ ಸಾಲು ಉದ್ದವಾಯಿತು, ಆದರೆ ಯಾರು, ಯಾರಿಗೆ, ಏನು, ಎಷ್ಟರ ತನಕ ಅನ್ನುವ ನಾಲ್ಕೂ ಸಿಗುತ್ತವೆ. ‘ಪ್ರತ್ಯಾಯೋಜಿಸಲಾಗಿದೆ’ ಅಂದಾಗ ಕೊಟ್ಟವರ ಹೆಸರೇ ಮಾಯವಾಗುತ್ತಿತ್ತು.

ಈಗ ನನ್ನ ಪ್ರಶ್ನೆಗಳು. ‘ವಹಿಸಿಕೊಡು’ ಅಂದರೆ ಪೂರ್ತಿ ಒಪ್ಪಿಸಿಬಿಟ್ಟರು ಅನ್ನುವ ಅರ್ಥ ನಿಮಗೂ ಬರುತ್ತದೆಯೇ? ನನ್ನ ಕಿವಿಗೆ ಬರುವುದಿಲ್ಲ, ‘ಒಪ್ಪಿಸು’ವಿಗೆ ಮಾತ್ರ ಬರುತ್ತದೆ. ಉತ್ತರ ಕರ್ನಾಟಕದ ಕಡೆ ‘ಮುಖ್ತ್ಯಾರಿ’ (ಇನ್ನೊಬ್ಬರ ಪರವಾಗಿ ವ್ಯವಹರಿಸುವ ಅಧಿಕಾರ) ಅನ್ನುವ ಮಾತು ಕೇಳಿದ್ದೇನೆ. ಅದು ಜಮೀನು, ಕೋರ್ಟಿನ ವ್ಯವಹಾರಕ್ಕೆ ಮಾತ್ರವೋ, ಕಚೇರಿಯ ಖರ್ಚಿಗೂ ಒಗ್ಗುತ್ತದೆಯೋ, ಆ ಕಡೆಯವರು ಹೇಳಬೇಕು. ಬಿಡಿಯಾಗಿ ಹೆಸರುಪದವೇ ಬೇಕಾದಾಗ, ಅಂದರೆ ಕರಪತ್ರದ ತಲೆಬರಹಕ್ಕೆ, ‘ವಹಿಸಿಕೆ’ ಅಂತ ಹಾಕಿದರೆ ನಡೆಯುತ್ತದೆಯೇ, ಇಲ್ಲಾ ಸುಮ್ನೆ ‘ಖರ್ಚಿನ ಅಧಿಕಾರ ಯಾರ ಕೈಲಿದೆ?’ ಅಂತ ಕೇಳಿಬಿಡುವುದೇ ವಾಸಿಯೇ?