ಸ್ಪ್ರಿಂಗ್ ಏರ್ ರೈಫಲ್‌ಗೆ ಕಡಿಮೆ ಬೆಲೆಯ ಸ್ಕೋಪ್ ಯಾವುದು ಒಳ್ಳೆಯದು?

ಪ್ರಶ್ನೆ, ಶಿರಸಿಯಿಂದ

4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್ ಇದೆ. ಮನೆ ಹಿಂದಿನ ಧರೆಗೆ ಕಾಗದದ ಗುರಿ ಇಟ್ಟು ಹೊಡೆಯುತ್ತೇನೆ, 10ರಿಂದ 25 ಮೀಟರ್ ದೂರ. 3-9×40 (3ರಿಂದ 9 ಪಟ್ಟು ಜೂಮ್, ಮುಂದಿನ ಲೆನ್ಸ್ 40 ಮಿ.ಮೀ.) ಸಾಕಾ, 6-24×50 ತಗೊಳ್ಳಲಾ? ಏಳು ಸಾವಿರದೊಳಗೆ ಎರಡೂ ಸಿಗುತ್ತಿವೆ. ಮಗಳೂ ಕಲಿಯುತ್ತಿದ್ದಾಳೆ, ಅವಳಿಗೆ ಸ್ಪರ್ಧೆಗೆ ಹೋಗುವ ಆಸೆ.

ಕಾರವಾರದಿಂದ

6-24 ಬೇಡವೇ ಬೇಡ. ಆ ಬೆಲೆಗೆ ಅಷ್ಟು ಜೂಮ್ ಕೊಟ್ಟರೆ ಗಾಜಿನಲ್ಲಿ ಉಳಿಸಿರುತ್ತಾರೆ, ಚಿತ್ರ ಮಬ್ಬು. ಮೊದಲು ಕೇಳಬೇಕಾದದ್ದು ಸ್ಕೋಪ್ ಸ್ಪ್ರಿಂಗ್ ರೈಫಲ್‌ನ ಒದೆತ ತಡೆಯುತ್ತದಾ ಅಂತ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ನಿಂತ ಕೂಡಲೇ ಮುಂದಕ್ಕೆ ಎಳೆಯುತ್ತದೆ, ಹಿಂದಿನ ಒದೆತಕ್ಕೆ ಮಾತ್ರ ಮಾಡಿದ ಸ್ಕೋಪ್‌ನಲ್ಲಿ ಈ ಎರಡನೇ ಹೊಡೆತಕ್ಕೆ ಒಳಗಿನ ಲೆನ್ಸೇ ಸಡಿಲವಾಗಬಹುದು. ಎರಡನೆಯದು ಪ್ಯಾರಲಾಕ್ಸ್. ಸಾಮಾನ್ಯ ಬಂದೂಕಿನ ಸ್ಕೋಪ್ ಹೆಚ್ಚಾಗಿ 100 ಗಜಕ್ಕೆ ಹೊಂದಿಸಿರುತ್ತದೆ. ನಿಮ್ಮ 10 ಮೀಟರ್‌ನಲ್ಲಿ ಕಣ್ಣು ಸ್ವಲ್ಪ ಸರಿದರೂ ಗುರಿ ಸರಿದಂತೆ ಕಾಣುತ್ತದೆ. 10 ಗಜದವರೆಗೆ ತಿರುಗಿಸಬಹುದಾದ ಎಒ (ಮುಂದಿನ ಲೆನ್ಸ್ ತಿರುಗಿಸಿ ದೂರಕ್ಕೆ ಹೊಂದಿಸುವ ವ್ಯವಸ್ಥೆ) ಇರುವ 3-9×40 ನೋಡಿ.

ಕುಮಟಾದಿಂದ

ಸ್ಕೋಪ್ ಕೂರಿಸುವ ಮೌಂಟ್‌ಗೂ ಸ್ವಲ್ಪ ದುಡ್ಡು ಇಡಿ. ಏರ್ ರೈಫಲ್‌ಗಳಲ್ಲಿ ಜಾಸ್ತಿ ಇರುವುದು 11 ಮಿ.ಮೀ. ಡವ್‌ಟೇಲ್ ಹಳಿ, ಅಗಲದ ಪಿಕಟಿನಿ ಹಳಿಗೆ ಮಾಡಿದ ಮೌಂಟ್ ಅದಕ್ಕೆ ಕೂರಲ್ಲ. ಮೌಂಟ್ ಜಾರದಂತೆ ತಡೆಯುವ ಸ್ಟಾಪ್ ಪಿನ್ ಇಲ್ಲದಿದ್ದರೆ ಸ್ಕೋಪ್ ನಿಧಾನಕ್ಕೆ ಹಿಂದೆ ಜಾರುತ್ತದೆ. ನಮ್ಮ ಮಳೆಗಾಲಕ್ಕೆ ಒಳಗೆ ನೈಟ್ರೋಜನ್ ತುಂಬಿದ ಸ್ಕೋಪ್ ಆದರೆ ಒಳಗಡೆ ಮಂಜು ಕಟ್ಟುವುದಿಲ್ಲ. ಸಮುದ್ರದ ಬದಿಯಲ್ಲಂತೂ ಮೌಂಟ್ ಸ್ಕ್ರೂಗೆ ತುಕ್ಕು ಬೇಗ ಹಿಡಿಯುತ್ತದೆ, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿರಿ.

ಯಲ್ಲಾಪುರದಿಂದ

ಮಗಳ ವಿಷಯ ಬೇರೆ. ಒಲಿಂಪಿಕ್ಸ್‌ನಲ್ಲಿ ಇರುವ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ, ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಮಾತ್ರ. ಗುರಿಯ ನಡುವೆ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅವಳಿಗೆ ಸ್ಕೋಪ್ ಅಭ್ಯಾಸ ಮಾಡಿಸಬೇಡಿ, ಈಗಿಂದಲೇ ಪೀಪ್ ಸೈಟ್‌ನಲ್ಲೇ ಕಲಿಯಲಿ. ದಯವಿಟ್ಟು ಈ ಒಂದು ಮಾತು ಕೇಳಿ.

ಶಿರಸಿಯಿಂದ

ಇದು ಗೊತ್ತೇ ಇರಲಿಲ್ಲ, ತುಂಬಾ ಉಪಕಾರ ಆಯ್ತು. ಅವಳಿಗೆ ಪೀಪ್ ಸೈಟ್, ನನಗೆ 3-9×40. ಜೀರೋ, ಅಂದರೆ ಸ್ಕೋಪ್ ತೋರಿಸಿದಲ್ಲೇ ಗುಂಡು ಬೀಳುವಂತೆ ಹೊಂದಿಸುವುದನ್ನು, ಎಷ್ಟು ದೂರಕ್ಕೆ ಮಾಡಲಿ?

ಕಾರವಾರದಿಂದ

20 ಮೀಟರ್‌ಗೆ ಮಾಡಿ. ಕ್ಲಿಕ್‌ಗೆ ಕಾಲು ಎಂಒಎ (ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಸ್ಕೋಪ್ ಆದರೆ ಅಲ್ಲಿ ಒಂದು ಕ್ಲಿಕ್‌ಗೆ ಸುಮಾರು ಒಂದೂವರೆ ಮಿ.ಮೀ. ಸರಿಯುತ್ತದೆ. ಒಂದೇ ಗುಂಡು ನೋಡಿ ತಿರುಗಿಸಬೇಡಿ, ಐದು ಹೊಡೆದು ಗುಂಪಿನ ನಡು ನೋಡಿ ತಿರುಗಿಸಿ.