ಹೃದ್ರೋಗ ಸಂಶೋಧಕರ ಸೈಟೇಶನ್ ಲೆಕ್ಕ ಎಷ್ಟು ನಂಬಬಹುದು?

ಪ್ರಶ್ನೆ: ಮೇಘನಾ_ಎಂಡಿ

ಎಲ್ಲರಿಗೂ ನಮಸ್ಕಾರ. ಕಮ್ಯುನಿಟಿ ಮೆಡಿಸಿನ್ ಎಂಡಿ ಮುಗಿಸಿದ್ದೇನೆ. ಹೃದ್ರೋಗದ ಮೇಲೆ ಪಿಎಚ್‌ಡಿ ಮಾಡಬೇಕು, ಗೈಡ್ ಹುಡುಕುತ್ತಿದ್ದೇನೆ. ಒಬ್ಬರ ಎಚ್-ಇಂಡೆಕ್ಸ್ 41, ಇನ್ನೊಬ್ಬರದು 14. ಎರಡನೆಯವರ ಪೇಪರ್ ಓದಿದಾಗ ಕೆಲಸ ಗಟ್ಟಿ ಅನ್ನಿಸಿತು. ಆದರೆ ಸ್ನೇಹಿತರೆಲ್ಲ ದೊಡ್ಡ ನಂಬರ್ ಇರುವವರ ಹತ್ತಿರವೇ ಹೋಗು ಅನ್ನುತ್ತಾರೆ. ಹೆಸರಾಂತ ಹೃದ್ರೋಗ ಸಂಶೋಧಕ ಸಲೀಂ ಯೂಸುಫ್ ಅವರ ಸೈಟೇಶನ್, ಅಂದರೆ ಬೇರೆಯವರು ತಮ್ಮ ಪೇಪರುಗಳಲ್ಲಿ ಅವರ ಪೇಪರನ್ನು ಉಲ್ಲೇಖಿಸಿದ ಲೆಕ್ಕ, ಅಂತೂ ಲಕ್ಷಗಟ್ಟಲೆ ಇದೆ. ಒಬ್ಬ ಮನುಷ್ಯನಿಂದ ಅಷ್ಟು ಕೆಲಸ ಆಗುತ್ತಾ? ಈ ಸಂಖ್ಯೆಗಳನ್ನು ಹೇಗೆ ನೋಡಬೇಕು?

ಉತ್ತರ: ಲೈಬ್ರರಿ_ಕೌಂಟರ್

ಮೇಡಂ, ನಾನು ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಇದ್ದೇನೆ. ಪ್ರಮೋಶನ್ ಫೈಲ್ ಹಿಡಿದು ಬರುವ ಡಾಕ್ಟರುಗಳಿಗೆ ಪೇಪರ್ ಪಟ್ಟಿ, ಸೈಟೇಶನ್ ತೆಗೆದುಕೊಡುವುದು ನನ್ನ ಕೆಲಸ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಚ್-ಇಂಡೆಕ್ಸ್ 14 ಅಂದರೆ, ಕನಿಷ್ಠ 14 ಸಲ ಉಲ್ಲೇಖವಾದ ಪೇಪರುಗಳು 14 ಇವೆ ಅಂತ. ಅಷ್ಟೇ. 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ಮಾಡಿದ ಲೆಕ್ಕ ಇದು. ಪೇಪರಿನಲ್ಲಿ ಹೆಸರು ಮೊದಲು ಇದೆಯಾ, ಮೂವತ್ತನೆಯದಾ ಅಂತ ಅದು ನೋಡುವುದೇ ಇಲ್ಲ. ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರ ಹೆಸರು ಮೊದಲು, ಮುನ್ನಡೆಸಿದ ಹಿರಿಯರದು ಕೊನೆಗೆ ಇರುತ್ತದೆ. ಕಾರ್ಡಿಯಾಲಜಿಯಲ್ಲಿ ಇದು ದೊಡ್ಡ ವಿಷಯ. ದೊಡ್ಡ ಟ್ರಯಲ್‌ಗಳಲ್ಲಿ ಹತ್ತಾರು ಹೆಸರು ಇರುತ್ತವೆ. ಚಿಕಿತ್ಸೆ ಹೇಗಿರಬೇಕು ಅಂತ ಬರೆಯುವ ಗೈಡ್‌ಲೈನ್ ಸಮಿತಿಯಲ್ಲಿ ಹೆಸರಿದ್ದರಂತೂ ಸಾವಿರಗಟ್ಟಲೆ ಸೈಟೇಶನ್ ಎಲ್ಲರ ಖಾತೆಗೂ ಬೀಳುತ್ತದೆ.

ಯೂಸುಫ್ ಅವರನ್ನೇ ತಗೊಳ್ಳಿ. ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಆಮೇಲೆ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್, ಮುಂದೆ ಕೆನಡಾದ ಮ್ಯಾಕ್‌ಮಾಸ್ಟರ್. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಟರ್‌ಹಾರ್ಟ್ ಪೇಪರ್ ತೆರೆದು ನೋಡಿ, ಮೊದಲ ಹೆಸರು ಅವರದೇ. 52 ದೇಶ, ಹೃದಯಾಘಾತ ಆದವರು 15,152, ಹೋಲಿಕೆಗಾಗಿ ಹೃದಯಾಘಾತ ಆಗದವರು 14,820. ಸಿಗರೇಟು, ಕೊಲೆಸ್ಟರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು ಸೇರಿ ಒಂಬತ್ತು ಅಂಶಗಳೇ ಗಂಡಸರಲ್ಲಿ 90%, ಹೆಂಗಸರಲ್ಲಿ 94% ಅಪಾಯಕ್ಕೆ ಕಾರಣ ಅಂತ ಅದು ತೋರಿಸಿತು. ಇಷ್ಟನ್ನು ಒಬ್ಬರೇ ಮಾಡಲು ಸಾಧ್ಯವೇ ಇಲ್ಲ. ಆದರೆ ಯಾವ ಪ್ರಶ್ನೆ ಕೇಳಬೇಕು ಅಂತ ಯೋಚಿಸಿ, ಅಷ್ಟು ದೇಶಗಳ ಜನರನ್ನು ಕೂಡಿಸಿದ್ದು ಚಿಕ್ಕ ಕೆಲಸ ಅಲ್ಲ.

ಈಗ ಅದೇ ಅಧ್ಯಯನದ ಇನ್ನೊಂದು ಪೇಪರ್ ನೋಡಿ, 2007ರದು, ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಬೇರೆಯವರಿಗೆ 58.8ಕ್ಕೆ ಅಂತ ಹೇಳಿದ್ದು ಅದೇ. ಅಲ್ಲಿ ಮೊದಲ ಹೆಸರು ಪ್ರಶಾಂತ್ ಜೋಶಿ. ಮೂರನೆಯದು ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್. ಯೂಸುಫ್ ಕೊನೆಯಲ್ಲಿ. ದೊಡ್ಡವರು ಕೊನೆಗೆ ನಿಂತು ಬೇರೆಯವರನ್ನು ಮುಂದೆ ಬಿಟ್ಟಿದ್ದಾರಾ? ಗೈಡ್ ಹುಡುಕುವವರು ಮೊದಲು ನೋಡಬೇಕಾದ್ದು ಇದನ್ನೇ.

ನೀವೂ ಹಾಗೇ ಮಾಡಿ. ಇಬ್ಬರ ಪಟ್ಟಿಯನ್ನೂ ಸೈಟೇಶನ್ ಪ್ರಕಾರ ಜೋಡಿಸಿ, ಮೇಲಿನ ಹತ್ತು ಪೇಪರ್ ತೆರೆಯಿರಿ. ಗೈಡ್ ಹೆಸರು ಕೊನೆಗಿದ್ದು ವಿದ್ಯಾರ್ಥಿಯ ಹೆಸರು ಮೊದಲಿದ್ದರೆ ಒಳ್ಳೆಯ ಲಕ್ಷಣ. ಬರೀ ಮಧ್ಯದಲ್ಲೇ ಇದ್ದರೆ ಆ ನಂಬರ್ ಬೇರೆಯವರ ಕೆಲಸದಿಂದ ಬಂದಿರಬಹುದು.

ಇನ್ನೊಂದು ವಿಷಯ, ನಮ್ಮ ಕಡೆಯ ಇನಿಷಿಯಲ್ ಗೋಳು. ಒಂದು ಪೇಪರಿನಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಸೇರಿರುತ್ತದೆ. ಪೇಪರ್, ಸೈಟೇಶನ್ ಲೆಕ್ಕ ಇಡುವ ಸ್ಕೋಪಸ್ ಡೇಟಾಬೇಸಿನಲ್ಲಿ ಒಬ್ಬರೇ ಮೂವರಾಗಿಬಿಡುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಹೆಸರಿನ ಬೇರೆಯವರ ಪೇಪರ್ ಬಂದು ಸೇರಿಕೊಳ್ಳುತ್ತದೆ. 14 ನಿಜವಾಗಿಯೂ 14 ತಾನಾ ಅಂತ ಆರ್ಕಿಡ್ (ORCID) ಐಡಿ, ಅಂದರೆ ಪ್ರತಿ ಸಂಶೋಧಕರಿಗೂ ಬೇರೆಬೇರೆಯಾಗಿ ಇರುವ ಗುರುತಿನ ಸಂಖ್ಯೆ, ಹಾಕಿ ಒಮ್ಮೆ ನೋಡಿಬಿಡಿ.

ಉತ್ತರ: ಎದೆಬಡಿತ

ಮೇಲಿನವರು ಹೇಳಿದ್ದು ಸರಿ. ನಾನು ಕಾರ್ಡಿಯಾಲಜಿಸ್ಟ್, ಒಂದು ಮಾತು ಸೇರಿಸುತ್ತೇನೆ. ಸೈಟೇಶನ್ ಲೆಕ್ಕದಲ್ಲಿ ಹೊಗಳಿ ಉಲ್ಲೇಖಿಸಿದರೂ ಒಂದು, ತಪ್ಪು ಅಂತ ತೋರಿಸಿದರೂ ಒಂದು. 2001ರಲ್ಲಿ ಪಿಯೆರೋ ಆನ್ವೆರ್ಸಾ ತಂಡ ಮೂಳೆ ಮಜ್ಜೆಯ ಕೋಶಗಳಿಂದ ಇಲಿಯ ಹೃದಯ ಸ್ನಾಯು ಮತ್ತೆ ಬೆಳೆಯುತ್ತದೆ ಅಂತ ನೇಚರ್‌ನಲ್ಲಿ ಬರೆಯಿತು. 2004ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ತಂಡಗಳು ಹಾಗೆ ಆಗುವುದಿಲ್ಲ ಅಂತ ತೋರಿಸಿದವು. ಅಲ್ಲಗಳೆದ ಆ ಪೇಪರುಗಳೂ ಆನ್ವೆರ್ಸಾ ಅವರ ಸೈಟೇಶನ್ ಏರಿಸಿದವು. 2018ರಲ್ಲಿ ಹಾರ್ವರ್ಡ್ ಮತ್ತು ಬ್ರಿಗಮ್ ಆಸ್ಪತ್ರೆ ಆ ಲ್ಯಾಬಿನ 31 ಪೇಪರ್ ವಾಪಸ್ ತೆಗೆಯಬೇಕು ಅಂದವು. ಅಷ್ಟರಲ್ಲಿ ಅದನ್ನು ನಂಬಿ ರೋಗಿಗಳ ಮೇಲೆ ಪ್ರಯೋಗಗಳೂ ಶುರುವಾಗಿದ್ದವು. ಅದು ನನಗೆ ಈಗಲೂ ಸಂಕಟ. ಗೈಡ್ ಹೆಸರನ್ನು ವಾಪಸ್ ತೆಗೆದ ಪೇಪರುಗಳ ಪಟ್ಟಿ ಇರುವ ರಿಟ್ರಾಕ್ಷನ್ ವಾಚ್ ಡೇಟಾಬೇಸಿನಲ್ಲಿ ಹಾಕಿ ನೋಡಿ, ದುಡ್ಡೇನೂ ಕೊಡಬೇಕಿಲ್ಲ.

ಉತ್ತರ: ಮಂಡ್ಯ_ಸ್ಟ್ಯಾಟ್ಸ್

ವಯಸ್ಸನ್ನೂ ನೋಡಿ. ಎಚ್-ಇಂಡೆಕ್ಸ್ ಇಳಿಯುವುದು ತೀರಾ ಅಪರೂಪ, ಏರುತ್ತಲೇ ಹೋಗುತ್ತದೆ. ಸರ್ವಿಸ್ ಜಾಸ್ತಿ ಆದವರದು ಸುಮ್ನೆ ಕೂತರೂ ಬೆಳೆಯುತ್ತದೆ.

ಮೇಘನಾ_ಎಂಡಿ

ತುಂಬಾ ಥ್ಯಾಂಕ್ಸ್. ಪಟ್ಟಿ ತೆರೆದು ನೋಡಿದೆ. 41 ಇರುವವರ ಹೆಸರು ಮೇಲಿನ ಪೇಪರುಗಳಲ್ಲಿ ಹೆಚ್ಚಾಗಿ ಮಧ್ಯದಲ್ಲೇ ಇದೆ. 14 ಇರುವವರ ವಿದ್ಯಾರ್ಥಿಗಳು ಮೊದಲ ಹೆಸರಿನಲ್ಲಿದ್ದಾರೆ. ಆ ವಿದ್ಯಾರ್ಥಿಗಳಿಗೆ ನೇರವಾಗಿ ಮೇಲ್ ಮಾಡಿ ಕೇಳಬಹುದಾ? ತಪ್ಪು ತಿಳಿಯುತ್ತಾರಾ?

ಲೈಬ್ರರಿ_ಕೌಂಟರ್

ಖಂಡಿತ ಕೇಳಿ ಮೇಡಂ. ಕೋರ್ಸ್ ಮುಗಿಸಿ ಹೊರಗೆ ಹೋದವರನ್ನು ಕೇಳಿ, ಅವರು ಬಿಚ್ಚಿ ಹೇಳುತ್ತಾರೆ. ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಿದ್ದರು, ಡೇಟಾ ಯಾರ ಕೈಯಲ್ಲಿ ಇರುತ್ತಿತ್ತು, ಇವೆರಡನ್ನು ಮರೆಯದೆ ಕೇಳಿ.